ಲಘು-ಗುರು ಬಲ್ಲ ಮಗುವಿಗೆ ಕಂಪ್ಯೂಟರ್ ದೂರವಲ್ಲ

ಜೂನ್ ಬಂತೆಂದರೆ ನಮ್ಮ ಗಡಿಭಾಗದ ಕನ್ನಡ ಶಾಲೆಗಳ ಮುಖ್ಯಾಧ್ಯಾಪಕರಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. "ಸರ್, ಈಗ ಎಲ್ಲಾ ಕಂಪ್ಯೂಟರ್ ಆಗ್ಯದ. ಕನ್ನಡದಾಗ ಓದಿದ್ರ ಹುಡುಗ ಹಿಂದ ಬೀಳ್ತಾನಲ್ರಿ?" ಹೀಗೆ ಕೇಳುವವರು ಕನ್ನಡದ ಮೇಲೆ ಪ್ರೀತಿ ಇಲ್ಲದವರೇನಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪಕ್ಕದ ಓಣಿಯಲ್ಲಿ ತೆಲುಗು ಆಡಿಕೊಂಡು ಬದುಕುವ ಸೊಲ್ಲಾಪುರದವರು, ಅಕ್ಕಲಕೋಟದವರು. ಮಗನ ಅಥವಾ ಮಗಳ ಹೆಸರನ್ನು ಕನ್ನಡ ಶಾಲೆಯ ರಿಜಿಸ್ಟರಿನಿಂದ ತೆಗೆಸಿ ಇಂಗ್ಲಿಷ್ ಶಾಲೆಗೆ ಹಾಕಬೇಕೋ ಬೇಡವೋ ಎಂಬ ನಿರ್ಧಾರ ಆ ಪ್ರಶ್ನೆಯ ಹಿಂದೆ ಇರುತ್ತದೆ. ಆದ್ದರಿಂದ ಅದಕ್ಕೆ ಭಾಷಾಭಿಮಾನದ ಭಾಷಣ ಉತ್ತರವಾಗಲಾರದು. ಲೆಕ್ಕಕ್ಕೆ ಸಿಗುವ ಉತ್ತರ ಕೊಡಬೇಕು.

ಮೊದಲು ಒಂದು ವಿಷಯ ಬೇರ್ಪಡಿಸೋಣ. ಕಂಪ್ಯೂಟರ್ ಬಳಸುವುದು ಒಂದು, ಕಂಪ್ಯೂಟರ್ ವಿಜ್ಞಾನ ಇನ್ನೊಂದು. ಟ್ರ್ಯಾಕ್ಟರ್ ಓಡಿಸುವವನಿಗೂ ಅದರ ಇಂಜಿನ್ ಬಿಚ್ಚಿ ಕೂಡಿಸುವ ಮೇಸ್ತ್ರಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತು. ನಮ್ಮಲ್ಲಿ "ಕಂಪ್ಯೂಟರ್ ಕಲಿತಿದ್ದಾನೆ" ಎಂದರೆ ಸಾಮಾನ್ಯವಾಗಿ ಎಂಎಸ್-ಸಿಐಟಿ ಮುಗಿಸಿದ್ದಾನೆ ಎಂದರ್ಥ. ಪತ್ರ ಟೈಪ್ ಮಾಡುವುದು, ಎಕ್ಸೆಲ್‌ನಲ್ಲಿ ಮೊತ್ತ ಹಾಕುವುದು, ಇಮೇಲ್ ಕಳಿಸುವುದು ಅದರಲ್ಲಿ ಬರುತ್ತವೆ. ಸರ್ಕಾರಿ ನೌಕರಿಗೆ ಅದು ಬೇಕು, ಮಾಡಿಸಿರಿ. ಬಾಲಭಾರತಿಯ ಇಯತ್ತೆ ಒಂಬತ್ತನೆಯ ವಿಜ್ಞಾನ ಪುಸ್ತಕದಲ್ಲಿಯೂ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೇಲೆ ಒಂದು ಪಾಠವಿದೆ. ಅದೂ ಬಹುಮಟ್ಟಿಗೆ ಬಳಕೆಯ ಪಾಠವೇ. ಆದರೆ ಹತ್ತನೆಯ ನಂತರ ಹನ್ನೊಂದನೆಯದರಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಹುಡುಗಿಗೆ ಎದುರಾಗುವುದು ಬೇರೆಯೇ. ಮಾಹಿತಿಯನ್ನು ಯಂತ್ರ ಯಾವ ರೂಪದಲ್ಲಿ ಇಟ್ಟುಕೊಳ್ಳುತ್ತದೆ, ಒಂದು ಕೆಲಸವನ್ನು ಹಂತಹಂತವಾಗಿ ಹೇಗೆ ಬಿಡಿಸಿ ಹೇಳಬೇಕು, ಎರಡು ದಾರಿಗಳಲ್ಲಿ ಯಾವುದು ಬೇಗ ಮುಗಿಯುತ್ತದೆ, ತಪ್ಪಾದರೆ ಕಂಡುಹಿಡಿಯುವುದು ಹೇಗೆ - ಇವೇ ಅಲ್ಲಿನ ಮೂಲ ಪ್ರಶ್ನೆಗಳು. ಇವುಗಳಲ್ಲಿ ಇಂಗ್ಲಿಷ್ ಇಲ್ಲದೆ ಕೇಳಲಾಗದ ಪ್ರಶ್ನೆ ಒಂದೂ ಇಲ್ಲ. ಅಷ್ಟೇಕೆ, ಕಂಪ್ಯೂಟರ್ ಇಲ್ಲದೆಯೂ ಕೇಳಬಹುದು.

ನಿಮ್ಮ ಮಗು ಹೈಸ್ಕೂಲಿನಲ್ಲಿದ್ದರೆ ಕನ್ನಡ ವ್ಯಾಕರಣದ ನೋಟ್‌ಬುಕ್ ತರಿಸಿ ನೋಡಿರಿ. ಛಂದಸ್ಸಿನ ಪಾಠ ಆಗಿದ್ದರೆ ಪದ್ಯದ ಸಾಲಿನ ಮೇಲೆ ಎರಡೇ ಗುರುತುಗಳು ಕಾಣುತ್ತವೆ. ಲಘುವಿಗೆ ಒಂದು, ಗುರುವಿಗೆ ಒಂದು. ಮೂರನೆಯ ಗುರುತು ಇಲ್ಲ. ಮೂರು ಅಕ್ಷರ ಕೂಡಿದರೆ ಒಂದು ಗಣ. ಅಕ್ಷರಗಣಗಳು ಎಷ್ಟು? ಎಂಟು. ಒಂಬತ್ತೇಕೆ ಇಲ್ಲ, ಏಳೇಕೆ ಇಲ್ಲ ಎಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಯಾರೂ ಕೇಳಲಿಲ್ಲ. ಬಾಯಿಪಾಠ ಮಾಡಿದೆವು, ಮುಗಿಯಿತು. ಉತ್ತರ ಸರಳ. ಮೊದಲನೆಯ ಜಾಗದಲ್ಲಿ ಎರಡು ಸಾಧ್ಯತೆ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಎರಡು. ಎರಡೆರಡ್ಲಿ ನಾಲ್ಕು, ನಾಲ್ಕೆರಡ್ಲಿ ಎಂಟು.

ಈಗ ಲಘು ಇದ್ದಲ್ಲಿ 0, ಗುರು ಇದ್ದಲ್ಲಿ 1 ಬರೆಯಲು ಹೇಳಿರಿ. ಮೂರೂ ಲಘು ಇರುವ ನ-ಗಣ 000 ಆಗುತ್ತದೆ. ಸ-ಗಣ 001, ಜ-ಗಣ 010, ಯ-ಗಣ 011. ಹೀಗೆ ಮುಂದುವರಿದು ಭ, ರ, ತ ದಾಟಿ ಮೂರೂ ಗುರುವಿನ ಮ-ಗಣಕ್ಕೆ ಬಂದರೆ 111. ಕಂಪ್ಯೂಟರ್ ಪುಸ್ತಕದಲ್ಲಿ ಸೊನ್ನೆಯಿಂದ ಏಳರವರೆಗಿನ ಸಂಖ್ಯೆಗಳನ್ನು ಬೈನರಿಯಲ್ಲಿ, ಅಂದರೆ ದ್ವಿಮಾನದಲ್ಲಿ, ಬರೆಯುವುದು ಹೀಗೆಯೇ. ಬಲಗಡೆಯ ಗುರುವಿನ ಬೆಲೆ ಒಂದು, ನಡುವಿನ ಗುರುವಿನ ಬೆಲೆ ಎರಡು, ಎಡಗಡೆಯ ಗುರುವಿನ ಬೆಲೆ ನಾಲ್ಕು. ರ-ಗಣ ಗುರು-ಲಘು-ಗುರು; ನಾಲ್ಕು ಮತ್ತು ಒಂದು ಕೂಡಿ ಐದು. ಹದಿನೈದು ನಿಮಿಷದಲ್ಲಿ ಇಡೀ ವರ್ಗಕ್ಕೆ ತಿಳಿಯುವ ವಿಷಯ ಇದು.

ಇನ್ನೊಂದು ಸೊಗಸು ಇದೆ. "ಯಮಾತಾರಾಜಭಾನಸಲಗಂ" ಎಂಬ ಸೂತ್ರ ಮಕ್ಕಳಿಗೆ ಬರುತ್ತದೆ. ಹತ್ತೇ ಅಕ್ಷರ. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರು ಎಣಿಸಿದರೆ ಗಣ ಸಿಗುತ್ತದೆ: ಯಮಾತಾ ಎಂದರೆ ಯ-ಗಣ, ಮಾತಾರಾ ಎಂದರೆ ಮ-ಗಣ. ಎಂಟು ಗಣಗಳನ್ನು ಬಿಡಿಬಿಡಿಯಾಗಿ ಬರೆದರೆ 24 ಅಕ್ಷರ ಬೇಕು. ಇಲ್ಲಿ ಒಂದರ ಬಾಲ ಇನ್ನೊಂದರ ತಲೆಯಾಗಿ ಹತ್ತರಲ್ಲಿ ಎಲ್ಲ ಅಡಗಿವೆ. ಕಡಿಮೆ ಜಾಗದಲ್ಲಿ ಹೆಚ್ಚು ಮಾಹಿತಿ ತುಂಬುವ ಇಂತಹ ಸಾಲುಗಳನ್ನು ಇಂದಿಗೂ ಗಣಿತಜ್ಞರು, ಕಂಪ್ಯೂಟರ್ ವಿಜ್ಞಾನಿಗಳು ಅಭ್ಯಾಸ ಮಾಡುತ್ತಾರೆ. ಲಘು-ಗುರುಗಳ ಎಲ್ಲ ಜೋಡಣೆಗಳನ್ನು ಕ್ರಮವಾಗಿ ಬರೆಯುವ ಪ್ರಸ್ತಾರದ ಲೆಕ್ಕ ಪಿಂಗಳನ ಛಂದಶ್ಶಾಸ್ತ್ರದ್ದು. ಹತ್ತನೆಯ ಶತಮಾನದಲ್ಲಿ ನಾಗವರ್ಮ "ಛಂದೋಂಬುಧಿ" ಬರೆದು ಛಂದಸ್ಸಿನ ವಿದ್ಯೆಯನ್ನು ಕನ್ನಡಕ್ಕೆ ತಂದ. ಹಾಗೆಂದು ಕಂಪ್ಯೂಟರ್ ನಮ್ಮ ಪೂರ್ವಿಕರಲ್ಲಿಯೇ ಇತ್ತು ಎಂದು ಮಕ್ಕಳಿಗೆ ಹೇಳಬೇಡಿರಿ. ಇರಲಿಲ್ಲ. ಇದ್ದದ್ದು ಎಣಿಕೆಯ ಜಾಣ್ಮೆ, ಅದು ಸಾಕಷ್ಟು ದೊಡ್ಡದು.

ಪುಸ್ತಕ ಬೇಡವೆಂದರೆ ನಮ್ಮ ಊರಿನ ಮಗ್ಗವೇ ಇದೆ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಡೆಗೆ ಹೋದವರಿಗೆ ಪವರ್‌ಲೂಮಿನ ಸದ್ದು ಹೊಸದಲ್ಲ. ಜಿಐ ಗುರುತು ಪಡೆದ ಸೊಲ್ಲಾಪುರ ಚಾದರದ ಮೇಲೆ ಹೂವು, ನವಿಲು ಮೂಡುವುದು ಜಕಾರ್ಡ್ ಕೂಡಿಸಿದ ಮಗ್ಗದಲ್ಲಿ. ಹಳೆಯ ಜಕಾರ್ಡಿನ ತಲೆಯ ಮೇಲೆ ರಟ್ಟಿನ ಪಟ್ಟಿಗಳ ಸರ ತೂಗಾಡುತ್ತಿರುತ್ತದೆ, ಪಟ್ಟಿ ತುಂಬ ತೂತುಗಳು. ತೂತು ಇದ್ದಲ್ಲಿ ಸೂಜಿ ಒಳಹೋಗಿ ಹಾಸಿನ ಎಳೆ ಮೇಲೇಳುತ್ತದೆ. ತೂತು ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಆಮೇಲೆ ಹೊಕ್ಕಿನ ನೂಲು ಓಡುತ್ತದೆ. ಒಂದು ಪಟ್ಟಿಗೆ ಒಂದು ಹೊಕ್ಕು. ಪಟ್ಟಿಯ ಸರ ಬದಲಿಸಿದರೆ ಅದೇ ಮಗ್ಗದಲ್ಲಿ ನವಿಲು ಹೋಗಿ ಕಮಲ ಬರುತ್ತದೆ. ಯಂತ್ರ ಅದೇ, ಆಜ್ಞೆ ಬೇರೆ. ಪ್ರೋಗ್ರಾಂ ಎಂದರೆ ಇದೇ.

ಇದು ಬರೀ ಹೋಲಿಕೆ ಎಂದುಕೊಳ್ಳಬೇಡಿರಿ, ಇತಿಹಾಸವೂ ಹೌದು. ಫ್ರಾನ್ಸಿನ ಲಿಯೊಂ ನಗರದ ಜೋಸೆಫ್ ಮರಿ ಜಕಾರ್ಡ್ ಈ ಮಗ್ಗಕ್ಕೆ ರೂಪ ಕೊಟ್ಟದ್ದು 1800ರ ನಂತರದ ಮೊದಲ ವರ್ಷಗಳಲ್ಲಿ. ಆತನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯಲು ಸುಮಾರು 24,000 ಪಟ್ಟಿಗಳನ್ನು ಬಳಸಿದ್ದರು. ಆ ಚಿತ್ರದ ಒಂದು ಪ್ರತಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಅವರ ಮನೆಯಲ್ಲಿತ್ತು. ಅವರು ಲೆಕ್ಕ ಮಾಡುವ ಯಂತ್ರವೊಂದನ್ನು ಯೋಚಿಸಿ, ಅದಕ್ಕೆ ಆಜ್ಞೆ ಕೊಡಲು ಮಗ್ಗದ ಪಟ್ಟಿಗಳನ್ನೇ ಆರಿಸಿಕೊಂಡರು. ಯಂತ್ರ ಪೂರ್ಣವಾಗಲಿಲ್ಲ. ಆದರೆ ಅದು ಹೇಗೆ ಕೆಲಸ ಮಾಡಬಲ್ಲದು ಎಂದು 1843ರಲ್ಲಿ ವಿವರವಾಗಿ ಬರೆದವಳು ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು. ಮಗ್ಗ ಮತ್ತು ಯಂತ್ರದ ಹೋಲಿಕೆಯನ್ನು ಅವಳೂ ಮಾಡಿದ್ದಾಳೆ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹೊಲೆರಿತ್ ಎಣಿಸಿದ್ದೂ ತೂತು ಹಾಕಿದ ಪಟ್ಟಿಗಳಿಂದಲೇ. ಅಪ್ಪ ಮಗ್ಗದ ಮೇಲೆ ಕೂಲಿ ಮಾಡುತ್ತಾನೆಂದು ತಲೆ ತಗ್ಗಿಸುವ ಹುಡುಗನಿಗೆ ಈ ಕಥೆಯನ್ನು ಹೇಳಿ ನೋಡಿರಿ. ನನ್ನ ಅಭಿಪ್ರಾಯದಲ್ಲಿ ಸೊಲ್ಲಾಪುರದ ಪ್ರತಿಯೊಂದು ಹೈಸ್ಕೂಲು ವರ್ಷಕ್ಕೊಮ್ಮೆ ಮಕ್ಕಳನ್ನು ಒಂದು ಜಕಾರ್ಡ್ ಮಗ್ಗದ ಮುಂದೆ ಅರ್ಧ ತಾಸು ನಿಲ್ಲಿಸಬೇಕು. ಬಸ್ಸಿನ ಖರ್ಚೂ ಆಗದ ಸಹಲು.

ನಮ್ಮ ಜಿಲ್ಲೆಯದೇ ಇನ್ನೊಂದು ಸಂಗತಿ ನಿಮಗೆ ನೆನಪಿರಬಹುದು. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷದ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಅವರಿಗೆ 2020ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಬಂತು. ಹತ್ತು ಲಕ್ಷ ಡಾಲರ್. ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಪತ್ರಿಕೆಗಳು ದುಡ್ಡಿನ ಬಗ್ಗೆ ಬಹಳ ಬರೆದವು. ಆ ಪ್ರಶಸ್ತಿಯವರು ಹೇಳಿದ ಇನ್ನೊಂದು ಮಾತು ನಮಗೆ ಮುಖ್ಯ: ಆ ಶಾಲೆಯ ಮಕ್ಕಳ ಮನೆಮಾತು ಕನ್ನಡವಾಗಿತ್ತು, ಪಠ್ಯ ಅವರ ಮಾತಿನಲ್ಲಿರಲಿಲ್ಲ. ಡಿಸಲೆ ಗುರುಗಳು ಕನ್ನಡ ಕಲಿತು, ಒಂದರಿಂದ ನಾಲ್ಕನೆಯವರೆಗಿನ ಪುಸ್ತಕಗಳನ್ನು ಮಕ್ಕಳ ಮಾತಿಗೆ ತಂದು, ಅವುಗಳಿಗೆ ಕ್ಯೂಆರ್ ಕೋಡ್ ಸೇರಿಸಿದರು. ಮೊಬೈಲ್ ಹಿಡಿದರೆ ಹಾಡು, ಕಥೆ, ವಿಡಿಯೊ ಪಾಠ ತೆರೆಯುತ್ತಿದ್ದವು. ಮುಂದೆ ರಾಜ್ಯದ ಪಠ್ಯಪುಸ್ತಕಗಳಿಗೂ ಕ್ಯೂಆರ್ ಕೋಡ್ ಬಂತು. ಇಂದು ನಿಮ್ಮ ಮಗುವಿನ ಬಾಲಭಾರತಿ ಪುಸ್ತಕದಲ್ಲಿಯೂ ಅದು ಇದೆ. ಮನೆಮಾತಿನ ದಾರಿ ಹಿಡಿದ ಒಬ್ಬ ಗುರುಗಳ ಕೈಯಿಂದಲೇ ಈ ತಂತ್ರ ನಮ್ಮ ಜಿಲ್ಲೆಯ ಶಾಲೆಯೊಳಗೆ ಬಂದದ್ದನ್ನು ಗಮನಿಸಿರಿ.

ಆದರೆ ಆ ಚೌಕವನ್ನು ಸ್ಕ್ಯಾನ್ ಮಾಡುವ ಮಕ್ಕಳಲ್ಲಿ ಎಷ್ಟು ಜನ ಅದರೊಳಗೆ ಏನಿದೆ ಎಂದು ಕೇಳಿದ್ದಾರೆ? ಕಪ್ಪು ಮನೆ, ಬಿಳಿ ಮನೆ, ಅಷ್ಟೇ. ಮತ್ತೆ ಅದೇ ಲಘು-ಗುರು. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ಇದನ್ನು ತಂದದ್ದು ಮೋಟಾರಿನ ಬಿಡಿಭಾಗಗಳ ಲೆಕ್ಕ ಇಡಲು. ಅತಿ ಚಿಕ್ಕ ಕ್ಯೂಆರ್ ಕೋಡಿನಲ್ಲಿ 21 ಸಾಲು, ಸಾಲಿಗೆ 21 ಮನೆ, ಒಟ್ಟು 441. ಮೂಲೆ ಸ್ವಲ್ಪ ಹರಿದರೂ, ಮೇಲೆ ಚಹಾ ಚೆಲ್ಲಿದರೂ ಬಹಳ ಸಲ ಅದು ಓದಿಸಿಕೊಳ್ಳುತ್ತದೆ. ಹಾಳಾದ ಭಾಗದಲ್ಲಿ ಏನಿತ್ತು ಎಂದು ಉಳಿದ ಭಾಗದಿಂದ ಲೆಕ್ಕ ಹಾಕುವ ಏರ್ಪಾಟು ಒಳಗೇ ಇದೆ. ಈ ಉಪಾಯದ ಮೊದಲ ಮೆಟ್ಟಿಲನ್ನು ಮನೆಯ ಕಟ್ಟೆಯ ಮೇಲೆ ಕೂತು ಕಲಿಸಬಹುದು.

ಚೌಕಾಬಾರಕ್ಕೆ ಬಳಸುವ ಸೀಳಿದ ಹುಣಸೆ ಬೀಜ ಗೊತ್ತಲ್ಲ, ಒಂದು ಮೈ ಕಪ್ಪು, ಒಂದು ಮೈ ಬಿಳಿ. ಐದು ಸಾಲಿನಲ್ಲಿ ಐದೈದು ಬೀಜಗಳನ್ನು ಮಗು ಮನಸ್ಸಿಗೆ ಬಂದಂತೆ ಇಡಲಿ. "ಇನ್ನೂ ಸ್ವಲ್ಪ ದೊಡ್ಡದು ಮಾಡೋಣ" ಎನ್ನುತ್ತ ನೀವು ಪ್ರತಿ ಸಾಲಿನ ಕೊನೆಗೆ ಆರನೆಯ ಬೀಜ ಇಡಿರಿ, ಆ ಸಾಲಿನಲ್ಲಿ ಬಿಳಿ ಬೀಜಗಳ ಸಂಖ್ಯೆ ಸಮವಾಗುವಂತೆ. ಹಾಗೆಯೇ ಕೆಳಗೆ ಆರನೆಯ ಸಾಲು, ಪ್ರತಿ ಕಂಬದಲ್ಲಿ ಬಿಳಿಯವು ಸಮವಾಗುವಂತೆ. ಒಟ್ಟು 36 ಬೀಜ. ಈಗ ನೀವು ಬೆನ್ನು ತಿರುಗಿಸಿರಿ, ಮಗು ಯಾವುದಾದರೂ ಒಂದು ಬೀಜ ಮಗುಚಲಿ. ತಿರುಗಿ ನೋಡಿ, ಬಿಳಿಯವು ಬೆಸವಾಗಿರುವ ಸಾಲು ಒಂದು, ಕಂಬ ಒಂದು ಸಿಗುತ್ತವೆ. ಅವೆರಡೂ ಕೂಡುವ ಜಾಗದ ಬೀಜವೇ ಮಗುಚಿದ್ದು. ಮೊದಲ ಸಲ ಮಕ್ಕಳು ಜಾದೂ ಎನ್ನುತ್ತಾರೆ. ಎರಡು ಮೂರು ಸಲ ಆದ ಮೇಲೆ ಒಬ್ಬರಾದರೂ ಗುಟ್ಟು ಹಿಡಿಯುತ್ತಾರೆ, ಆಮೇಲೆ ನಮಗೆ ಬಿಡುವಿಲ್ಲ. ಈ ಆಟ ನನ್ನದಲ್ಲ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಇಂತಹ ಹಲವು ಆಟಗಳನ್ನು ಕೂಡಿಸಿದರು. ಹುಣಸೆ ಬೀಜ ಮಾತ್ರ ನಮ್ಮದು. ಅವರು ರಟ್ಟಿನ ಕಾರ್ಡು ಬಳಸುತ್ತಾರೆ.

ಶಾಲೆಯ ಆಫೀಸಿನಲ್ಲಿಯೂ ಒಂದು ಪಾಠ ಕೂತಿದೆ. ಹಳೆಯ ವಿದ್ಯಾರ್ಥಿ ದಾಖಲೆ ಕೇಳಿಕೊಂಡು ಬಂದಾಗ ಜನರಲ್ ರಿಜಿಸ್ಟರ್ ನಂಬರ್ ಹೇಳಿದರೆ ಕ್ಲಾರ್ಕ್ ಕ್ಷಣದಲ್ಲಿ ಹುಡುಕುತ್ತಾನೆ. ನಡುವೆ ತೆಗೆದು ನೋಡುತ್ತಾನೆ. ನಂಬರ್ ಹಿಂದಿದ್ದರೆ ಹಿಂದಿನ ಅರ್ಧ, ಮುಂದಿದ್ದರೆ ಮುಂದಿನ ಅರ್ಧ, ಮತ್ತೆ ಅದರ ನಡುವೆ. ಸಾವಿರ ಹೆಸರಿದ್ದರೂ ಹತ್ತು ಸಲಕ್ಕಿಂತ ಹೆಚ್ಚು ನೋಡಬೇಕಿಲ್ಲ. ಬರೀ ಹೆಸರು ಹೇಳಿದರೆ ಸಾವಿರ ಸಾಲುಗಳನ್ನೂ ಬೆರಳಿಟ್ಟು ಓದಬೇಕಾದೀತು, ಏಕೆಂದರೆ ರಿಜಿಸ್ಟರ್ ನಂಬರಿನ ಕ್ರಮದಲ್ಲಿದೆ, ಹೆಸರಿನ ಕ್ರಮದಲ್ಲಿಲ್ಲ. ಹುಡುಕುವ ಮೊದಲು ಜೋಡಿಸಿಟ್ಟರೆ ಎಷ್ಟು ಲಾಭ ಎಂಬುದು ಕಂಪ್ಯೂಟರ್ ವಿಜ್ಞಾನದ ಮೊದಲ ವರ್ಷದ ಪಾಠ.

ಎಲ್ಲ ಪ್ರಶ್ನೆಗಳೂ ಹೀಗೆ ಸುಲಭವಾಗಿ ಮಣಿಯುವುದಿಲ್ಲ ಎಂಬುದನ್ನೂ ಮಕ್ಕಳಿಗೆ ತೋರಿಸಬೇಕು. ಸಿದ್ಧರಾಮೇಶ್ವರರು ಸೊಲ್ಲಾಪುರದಲ್ಲಿ ಸ್ಥಾಪಿಸಿದರೆನ್ನುವ 68 ಲಿಂಗಗಳಿಗೆ ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆ ಹೋಗುತ್ತದೆ. ಮೆರವಣಿಗೆಯ ದಾರಿ ಸಂಪ್ರದಾಯದಿಂದ ಬಂದದ್ದು, ಅದನ್ನು ಯಾರೂ ಲೆಕ್ಕ ಹಾಕಬೇಕಿಲ್ಲ. ಆದರೆ ಒಬ್ಬ ಹುಡುಗಿ ಕೇಳಬಹುದು: 68ಕ್ಕೂ ಹೋಗಿ ಬರಲು ಎಲ್ಲಕ್ಕಿಂತ ಹತ್ತಿರದ ದಾರಿ ಯಾವುದು? ಐದೇ ಲಿಂಗಗಳಿದ್ದರೆ ಹೋಗುವ ಕ್ರಮಗಳು 120. ಹತ್ತಾದರೆ 36,28,800. 68ಕ್ಕೆ ಬರುವ ಸಂಖ್ಯೆಯನ್ನು ಬರೆದರೆ 97 ಅಂಕಿಗಳು. ಒಂದೊಂದನ್ನೂ ಅಳೆದು ನೋಡಲು ಜಗತ್ತಿನ ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ. ಬೇರೆ ಜಾಣ ದಾರಿ ಹುಡುಕಬೇಕು. ಸಾಮಾನು ಹಂಚುವ ಕಂಪನಿಗಳಿಂದ ಹಿಡಿದು ದೊಡ್ಡ ವಿಶ್ವವಿದ್ಯಾಲಯಗಳವರೆಗೆ ಜನ ಇಂದಿಗೂ ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಇದು. ಮಂಗಳವಾರ ಪೇಟೆಯ ಮಗುವಿಗೆ ಅದು ಮನೆ ಬಾಗಿಲಲ್ಲೇ ಸಿಗುತ್ತದೆ.

ಇನ್ನು ಇಂಗ್ಲಿಷಿನ ಮಾತು. ಕಂಪ್ಯೂಟರಿಗೆ ಇಂಗ್ಲಿಷ್ ಮಾತ್ರ ತಿಳಿಯುತ್ತದೆ ಎಂಬುದು ನಿಜವಲ್ಲ. ಅದಕ್ಕೆ ಯಾವ ಭಾಷೆಯೂ ತಿಳಿಯದು. ಇಂಗ್ಲಿಷಿನ ಮೊದಲ ದೊಡ್ಡಕ್ಷರ ಅದಕ್ಕೆ 65 ಎಂಬ ಸಂಖ್ಯೆ, ನಮ್ಮ "ಕ" 3221 ಎಂಬ ಸಂಖ್ಯೆ. ಇದು ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯ ಲೆಕ್ಕ. ದ್ವಿಮಾನದಲ್ಲಿ "ಕ" ಎಂದರೆ 110010010101. ಬೇಕಾದರೆ ಗುರು-ಲಘು ಹಾಕಿ ಓದಿರಿ. ಪ್ರೋಗ್ರಾಂ ಬರೆಯುವ ಭಾಷೆಗಳ ಆಜ್ಞಾಪದಗಳು ಇಂಗ್ಲಿಷಿನವು, ಅದು ಹೌದು. ಆದರೆ ಅವು ಎಷ್ಟು? ಈಗ ಬಹಳ ಕಡೆ ಕಲಿಸುವ ಪೈಥಾನ್ ಭಾಷೆಯ ಮೀಸಲು ಪದಗಳು 35ರ ಆಸುಪಾಸು. ಅದನ್ನು ಮಾಡಿದವರು ಡಚ್ ಮನೆಮಾತಿನವರು. ರೂಬಿ ಎಂಬ ಇನ್ನೊಂದು ಭಾಷೆ ಮಾಡಿದವರು ಜಪಾನಿನವರು. ಪೈಥಾನಿನಲ್ಲಿ ನಾವು ಕೊಡುವ ಹೆಸರುಗಳು ಕನ್ನಡದಲ್ಲೇ ಇರಬಹುದು: "ಬೆಲೆ" ಎಂಬ ಹೆಸರಿಗೆ 40 ಎಂದು ಬರೆದು, ಅದರ ಮೂರು ಪಟ್ಟು ತೋರಿಸು ಎಂದರೆ ಯಂತ್ರ 120 ತೋರಿಸುತ್ತದೆ. ಮೂವತ್ತೈದು ಪದಗಳಿಗಾಗಿ ಮಗುವಿನ ಹತ್ತು ವರ್ಷಗಳ ಭಾಷೆ ಬದಲಿಸಬೇಕೇ?

ನಾನು ಪ್ರಾಥಮಿಕ ಓದಿದ್ದು ಕನ್ನಡದಲ್ಲಿ, ಹೈಸ್ಕೂಲು ಓದಿದ್ದು ತಮಿಳಿನಲ್ಲಿ. ಭಾಷೆ ಬದಲಾದಾಗ ಮೊದಲ ಆರು ತಿಂಗಳು ಕಷ್ಟವಾಯಿತು, ಆದರೆ ಅರ್ಥವಾಗಿ ಕೂತಿದ್ದ ಗಣಿತ ಮಾತ್ರ ಹೆಸರು ಬದಲಿಸಿಕೊಂಡು ಜೊತೆಗೇ ಬಂತು. ಬಾಯಿಪಾಠ ಮಾಡಿದ್ದೆಲ್ಲ ಹಿಂದೆಯೇ ಉಳಿಯಿತು. ತಮಿಳುನಾಡಿನಲ್ಲಿ ಹನ್ನೊಂದು, ಹನ್ನೆರಡನೆಯ ವರ್ಗಗಳಿಗೆ ಕಂಪ್ಯೂಟರ್ ಸೈನ್ಸ್ ಪಠ್ಯ ತಮಿಳಿನಲ್ಲಿಯೇ ಇದೆ. "ಕಣಿನಿ ಅರಿವಿಯಲ್" ಎಂಬ ಹೆಸರಿನಲ್ಲಿ ಸಾಮಾನ್ಯ ಸರ್ಕಾರಿ ಶಾಲೆಯ ಮಕ್ಕಳು ಅದನ್ನು ಓದುತ್ತಾರೆ. ನಮಗೆ ಇಲ್ಲಿ ಆ ಅನುಕೂಲ ಇಲ್ಲ, ಇದನ್ನು ಮುಚ್ಚಿಡುವುದಿಲ್ಲ. ಮಹಾರಾಷ್ಟ್ರದಲ್ಲಿ ಹನ್ನೊಂದನೆಯ ವಿಜ್ಞಾನ ಇಂಗ್ಲಿಷಿನಲ್ಲಿ. ಆದ್ದರಿಂದ ಎಂಟನೆಯಿಂದಲೇ ಒಂದು ಸೇತುವೆ ಕಟ್ಟಿಕೊಳ್ಳಬೇಕು. ನೂರು ಪುಟದ ಒಂದು ನೋಟ್‌ಬುಕ್, ಪುಟಕ್ಕೆ ನಡುವೆ ಗೆರೆ. ಎಡಗಡೆ ಮಗು ತನ್ನ ಮಾತಿನಲ್ಲಿ ಅರ್ಥ ಬರೆಯಲಿ, ಬಲಗಡೆ ಇಂಗ್ಲಿಷ್ ಹೆಸರು. ಮೊದಲು ಎಡಗಡೆ ತುಂಬಬೇಕು. ವಾರಕ್ಕೆ ಮೂರು ಪದವಾದರೂ ಹತ್ತನೆಯ ಮುಗಿಯುವಷ್ಟರಲ್ಲಿ ಮುನ್ನೂರು ದಾಟುತ್ತವೆ, ಹನ್ನೊಂದನೆಯ ಮೊದಲ ದಿನ ಮಾಸ್ತರರ ಮಾತು ಪರಕೀಯ ಎನಿಸುವುದಿಲ್ಲ.

ನಾನು ಕಂಡ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ದೊಡ್ಡ ಬೀಗ ಇತ್ತು. ಒಳಗೆ ಹೋಗುವಾಗ ಚಪ್ಪಲಿ ಹೊರಗೆ, ಯಂತ್ರಗಳ ಮೇಲೆ ಹೂವಿನ ಬಟ್ಟೆ. ಪರೀಕ್ಷಕರು ಬಂದ ದಿನ ಬಟ್ಟೆ ತೆಗೆಯುತ್ತಿದ್ದರು. ಪಾಲಕರಿಗೆ ಮಾತ್ರ "ನಮ್ಮಲ್ಲಿ ಹತ್ತು ಕಂಪ್ಯೂಟರ್ ಇವೆ" ಎಂದು ಹೇಳಲಾಗುತ್ತಿತ್ತು. ಪಾಲಕರ ಸಭೆಯಲ್ಲಿ ನೀವು ಎಷ್ಟು ಯಂತ್ರಗಳಿವೆ ಎಂದು ಕೇಳಬೇಡಿರಿ. ಕಳೆದ ತಿಂಗಳು ಎಂಟನೆಯ, ಒಂಬತ್ತನೆಯ ಮಕ್ಕಳ ಕೈ ಎಷ್ಟು ತಾಸು ಅವುಗಳ ಮೇಲೆ ಇತ್ತು ಎಂದು ಕೇಳಿರಿ. ಲಘು-ಗುರು ಕಲಿಸುವ ಕನ್ನಡ ಗುರುಗಳೂ ಗಣಿತದ ಗುರುಗಳೂ ಒಂದು ತಾಸು ಕೂಡಿ ಪಾಠ ಮಾಡಬಲ್ಲರೇ ಎಂದು ಕೇಳಿರಿ. ರಾಷ್ಟ್ರೀಯ ಶಿಕ್ಷಣ ನೀತಿ 2020 ಆರನೆಯ ವರ್ಗದಿಂದ ಕೋಡಿಂಗ್ ಚಟುವಟಿಕೆಗಳಿರಲಿ ಎಂದಿದೆ. ನಮ್ಮ ಶಾಲೆಯಲ್ಲಿ ಅದನ್ನು ಯಾರು, ಯಾವ ದಿನ ಮಾಡುತ್ತಾರೆ ಎಂದು ಕೇಳಿರಿ. ವಿದ್ಯುತ್ ಇಲ್ಲ ಎಂಬ ಉತ್ತರ ಬಂದರೆ ಹುಣಸೆ ಬೀಜದ ಆಟವನ್ನು ನೀವೇ ಮುಖ್ಯಾಧ್ಯಾಪಕರ ಟೇಬಲ್ಲಿನ ಮೇಲೆ ಆಡಿ ತೋರಿಸಿರಿ. ಬೀಜ ಸಿಗದಿದ್ದರೆ 36 ನಾಣ್ಯಗಳಾದರೂ ನಡೆಯುತ್ತದೆ, ಮುಖ ಒಂದು ಗುರುತು, ಬೆನ್ನು ಇನ್ನೊಂದು.